ಸರ್ವರ್‌ಗೆ ಆಯುಧಪೂಜೆ

ಗೆಳೆಯರೇ, ನಾಳೆ ವಿಜಯದಶಮಿ, ನನ್ನ ಪುಟ್ಟ ನರ್ಸರಿಯಲ್ಲಿ ಅಕ್ಷರಾಭ್ಯಾಸ. ಸಮಯವನ್ನು ಒಂದೇ ಫೈಲಿನಲ್ಲಿ ಬರೆದು, ಅದು ನಮ್ಮ ವೆಬ್‌ಸೈಟಿನ ಎಲ್ಲ ಪುಟಗಳಲ್ಲೂ ತಾನಾಗಿ ಬರುವಂತೆ ಮಾಡಿದ್ದೆ. ಬರಲಿಲ್ಲ, ಎಲ್ಲೆಡೆ ಖಾಲಿ ಜಾಗ. ಸರ್ವರ್‌ನಲ್ಲಿ ಆ ಸೌಲಭ್ಯವನ್ನೇ ಆನ್ ಮಾಡಿರಲಿಲ್ಲ. ಎಷ್ಟು ಗಂಟೆಗೆಂದು ತಿಳಿಯದೆ ಯಾರು ಬಂದಾರು?

ನಮ್ಮ ವೆಬ್‌ಸೈಟಿಗೆ ಸರ್ವರ್ ಬಾಡಿಗೆ ಕೊಟ್ಟಿರುವ ರಾಜಾಜಿನಗರದ ಕಂಪನಿಯ ಆಫೀಸಿಗೆ ಓಡಿದೆ. ಸರ್ವರ್ ಮೇಲೆ ಕುಂಕುಮ, ಸೇವಂತಿಗೆ ಹಾರ.

“ಪೂಜೆ ಆಗೋಗಿದೆ ಮೇಡಂ, ನಾಳೆವರೆಗೂ ಮುಟ್ಟಂಗಿಲ್ಲ,” ಎಂದರು ಮಾಲೀಕರು.

“ಒಂದೇ ಸಾಲು ಸೇರಿಸ್ಬೇಕು ಸಾರ್. ಅದು ಓಡ್ತಾನೇ ಇದೆಯಲ್ಲ?”

“ಅದು ಓಡ್ಲಿ, ನಾವ್ ಮುಟ್ಟಲ್ಲ. ತಗೊಳಿ, ಪುರಿ ತಿನ್ನಿ.”

ಯಾವ ಬಾಯಲ್ಲಿ ವಾದಿಸಲಿ? ಈಗ ಪ್ರತಿ ಪುಟದಲ್ಲೂ ಸಮಯವನ್ನು ಕೈಯಾರೆ ಟೈಪಿಸುತ್ತ ಕೂತಿದ್ದೇನೆ. ಬೆಳಿಗ್ಗೆ ಕೀಬೋರ್ಡಿಗೆ ನಾನೇ ಹಚ್ಚಿದ ಕುಂಕುಮ ಬೆರಳಿಗೆಲ್ಲ ಅಂಟುತ್ತಿದೆ.