ಸೂಜಿ ಮಾವನ ಕರಾರು

ನಮ್ಮ ಸೋದರಮಾವ ದೊಡ್ಡಮುನಿಯಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮಲೇರಿಯಾ ಇಲಾಖೆಯಲ್ಲಿ ಊರೂರು ತಿರುಗಿ, ಬೆರಳು ಚುಚ್ಚಿ ರಕ್ತ ತೆಗೆದು ರಿಟೈರಾದ ಮನುಷ್ಯ. ಆಮೇಲೆ ಬೆಂಗಳೂರಿನಲ್ಲಿ ಅಕ್ಯುಪಂಕ್ಚರ್ ಕಲಿತು ಬಂದು, ಕೋಲಾರದ ಮನೆಯ ಪಡಸಾಲೆಯಲ್ಲಿ ಒಂದು ಬೆಂಚು ಹಾಕಿದ. ಯಾರಾದರೂ ಡಾಕ್ಟ್ರೇ ಎಂದರೆ ಮುಗಿಯಿತು. "ನಾನು ಡಾಕ್ಟ್ರಲ್ಲ ಕಣಯ್ಯಾ! ನೋವು ಕಮ್ಮಿ ಮಾಡ್ತೀನಿ, ಕಾಯ್ಲೆ ವಾಸಿ ಮಾಡಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಒಳಗಿನಿಂದ ಅತ್ತೆ ಬೈರಮ್ಮ, ಅನ್ನದ ಕುಕ್ಕರಿನಲ್ಲಿ ಸೂಜಿ ಬೇಯಿಸಬೇಕಾದ ಕರ್ಮಕ್ಕೆ ಅವನನ್ನೇ ಬೈಯುತ್ತಿದ್ದಳು. ಆ ಮನೆಯಲ್ಲಿ ಬೈಗುಳಕ್ಕೆ ಬರವಿರಲಿಲ್ಲ.

ಎಂಬತ್ತನಾಲ್ಕನೇ ಇಸವಿಯಲ್ಲಿ ಹೋಳೂರಿನ ಮುನಿಶಾಮಮ್ಮ ಬಂದಳು. ಎರಡೂ ಕಿಡ್ನಿ ಹೋಗಿದ್ದವು. ಮಂಗಳವಾರ, ಶುಕ್ರವಾರ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗಿ ಡಯಾಲಿಸಿಸ್ ಮಿಷಿನ್ನಿನ ಪಕ್ಕ ಮಲಗಬೇಕು. ರಕ್ತವೇನೋ ಶುದ್ಧವಾಗುತ್ತಿತ್ತು. ಆದರೆ ಮೀನಖಂಡ ಹಿಂಡಿದಂತಾಗಿ, ಆ ನೋವು ಮನೆಗೆ ಬಂದರೂ ಬಿಡುತ್ತಿರಲಿಲ್ಲ. ವಾರ್ಡಿನಲ್ಲಿ ಹೇಳಿಕೊಂಡರೆ, "ಪ್ರಾಣ ಉಳೀತಲ್ಲಮ್ಮ, ಅಷ್ಟು ತಡ್ಕೊಳಕ್ಕಾಗಲ್ವಾ?" ಎನ್ನುತ್ತಿದ್ದರಂತೆ. ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾವ ಮಾತ್ರ, "ಎಲ್ಲಿ ನೋಯ್ತದೆ, ಬೆರಳಿಟ್ಟು ತೋರ್ಸು" ಎಂದ. ಅವಳು ಅಲ್ಲೇ ಅತ್ತುಬಿಟ್ಟಳು.

ಮಿಷಿನ್ನಿಗೆಂದೇ ಆಪರೇಷನ್ ಮಾಡಿ ನರ ಕೂಡಿಸಿದ್ದ ಎಡಗೈಯನ್ನು ಅವನು ಮುಟ್ಟಲಿಲ್ಲ. ಕಾಲಿಗೆ, ಪಾದಕ್ಕೆ ಸೂಜಿ ಹಾಕಿದ. ಒಂದು ತಿಂಗಳಲ್ಲಿ ಅವಳು ಗೋಡೆ ಹಿಡಿಯದೆ ನಡೆದಳು. ಆದರೆ ಮಾವನದೊಂದು ಕರಾರಿತ್ತು. ಬೆಂಗಳೂರಿನಿಂದ ಬರುವಾಗ ಕೋಲಾರದಲ್ಲಿಳಿದು ಎಡಗೈ ಚಾಚಬೇಕು. ಡಯಾಲಿಸಿಸ್ ಆದ ಗುರುತಿಗೆ ಹತ್ತಿ, ಪ್ಲಾಸ್ಟರ್ ಇದ್ದರೆ ಮಾತ್ರ ಸೂಜಿ.

ವರ್ಷ ಕಳೆದು ಒಂದು ಬುಧವಾರ ಮಧ್ಯಾಹ್ನ ಗಂಡ ಕದಿರೇಶ ಅವಳನ್ನು ಹಿಡಿದುಕೊಂಡು ಬಂದ. ಮುಖ ಊದಿತ್ತು, ಏದುಸಿರು, ಕಾಲು ಸೆಟೆದುಕೊಂಡಿತ್ತು. ಕೈಯಲ್ಲಿ ಹತ್ತಿಯಿಲ್ಲ.

"ಎರಡು ಸಲ ಹೋಗ್ಲಿಲ್ಲ ಯಜಮಾನ್ರೇ. ರೇಷ್ಮೆ ಹುಳ ಹಣ್ಣಾಗಿದ್ವು, ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಡೋಕೆ ಕೈ ಸಾಲ್ದು. ನಿಮ್ಮ ಸೂಜಿಯಿಂದ ನೋವೇ ಹೋಗಿತ್ತಲ್ಲ, ಇನ್ಯಾಕೆ ಮಿಷಿನ್ನು ಅಂತ..."

ಮಾವ ಕೆಂಡವಾದ. "ಲೇ ಬೇಕೂಫ, ನೋವು ಹೋದ್ರೆ ಕಿಡ್ನಿ ವಾಪಸ್ ಬಂತೇನ್ಲಾ?" ಸೂಜಿ ಡಬ್ಬಿಯನ್ನು ಗೋಡೆಯ ಗೂಡಿಗೆ ಎಸೆದ. "ಸೂಜಿ ಹಾಕಲ್ಲ. ಮೊದ್ಲು ಬೆಂಗಳೂರಿಗೆ ನಡಿ. ಇವಳು ನರಳೋದು ಕಣ್ಣಾರೆ ಕಂಡ್ರೇನೇ ನಿಂಗೆ ಬುದ್ಧಿ ಬರೋದು!"

ಸರಿಯಾಗೇ ಹೇಳಿದ ಎಂದುಕೊಂಡೆ ನಾನು. ನಾಚಿಕೆಯಾಗಬೇಕು ನನಗೆ.

ಎಂದೂ ದನಿಯೆತ್ತದ ಮುನಿಶಾಮಮ್ಮ ಬೆಂಚಿನ ಮೇಲೆ ಎದ್ದು ಕೂತಳು. "ಇವ್ರಿಗೆ ಬುದ್ಧಿ ಬರ್ಲಿ ಅಂತ ನಾನ್ಯಾಕಣ್ಣ ನರಳ್ಬೇಕು? ಹುಳ ಅಂತ ಇವ್ರು ಮಿಷಿನ್ ನಿಲ್ಸಿದ್ರು. ಹತ್ತಿ ಇಲ್ಲ ಅಂತ ನೀನು ಸೂಜಿ ನಿಲ್ಲಿಸ್ತಿದ್ದೀಯ. ತಡ್ಕೋ ಅಂದೋರಿಗೂ ನಿಂಗೂ ಏನಣ್ಣ ವ್ಯತ್ಯಾಸ?"

ಮಾವ ಗೂಡಿನಿಂದ ಡಬ್ಬಿ ತೆಗೆದು ಜೇಬಿಗೆ ಹಾಕಿಕೊಂಡ. ನಾನು ಓಡಿ ಬಸ್‌ಸ್ಟ್ಯಾಂಡಿನಿಂದ ಟ್ಯಾಕ್ಸಿ ತಂದೆ. ಓಡುವ ಕಾರಿನಲ್ಲಿ ಸೂಜಿ ಹಾಕುವಂತಿರಲಿಲ್ಲ. ಬೆಂಗಳೂರು ಮುಟ್ಟುವವರೆಗೂ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿ ಹಾಕುವ ಜಾಗಗಳನ್ನು ಹೆಬ್ಬೆರಳಿನಲ್ಲಿ ಒತ್ತುತ್ತಲೇ ಇದ್ದ. ಮುಂದೆ ಕೂತಿದ್ದ ಕದಿರೇಶ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ವಾರ್ಡಿನಲ್ಲಿ ಅವಳನ್ನು ಮಿಷಿನ್ನಿಗೆ ಹಾಕಿದರು. ಕಾಲು ಮತ್ತೆ ಸೆಟೆಯಿತು. ಮಾವ ಡಬ್ಬಿ ತೆರೆದಾಗ ನರ್ಸಮ್ಮ ಅಡ್ಡ ಬಂದಳು. "ತಡ್ಕೊಳಮ್ಮ ಅಂದೋರು ಯಾರು? ಕರೀರಿ ಅವ್ರನ್ನ!" ಎಂದು ಮಾವ ವಾರ್ಡೇ ನಡುಗುವಂತೆ ಕೂಗಿದ. ದೊಡ್ಡ ಡಾಕ್ಟರು ಬಂದು, ಅವಳನ್ನು ವಿಚಾರಿಸಿ, "ಎಡಗೈ ಮುಟ್ಟಬೇಡಿ" ಎಂದಷ್ಟೇ ಹೇಳಿದರು.

"ಒಂದು ವರ್ಷದಿಂದ ಮುಟ್ಟಿಲ್ಲ ಕಣ್ರೀ!"

ಆ ಶುಕ್ರವಾರದಿಂದ ಮೊದಲ ಬಸ್ಸಿನಲ್ಲಿ ಮಾವನಿಗೂ ಒಂದು ಸೀಟು. ಮುನಿಶಾಮಮ್ಮ ಇನ್ನೂ ಮೂರು ವರ್ಷ ಬದುಕಿದಳು. ಹತ್ತಿ ತೋರಿಸು ಎಂದು ಅವನು ಮತ್ತೆ ಕೇಳಲಿಲ್ಲ. ಮಿಷಿನ್ನಿನಿಂದ ಬಿಡಿಸಿದ ಮೇಲೆ ಆ ಹತ್ತಿಯನ್ನು ಒತ್ತಿ ಹಿಡಿದು ಕೂರುತ್ತಿದ್ದವನು ಅವನೇ.