ಚಂದ್ರಿಕೆಯ ಟೆಂಡರಿನ ಒಂಬತ್ತನೆಯ ಷರತ್ತು

ಕಳೆದ ತಿಂಗಳು ಮನೆಯವರ ಒತ್ತಾಯಕ್ಕೆ ಚಿಕ್ಕಬಳ್ಳಾಪುರದ ಬೈಪಾಸಿನಲ್ಲಿ ಹೊಸದಾಗಿ ಆಗಿರುವ ಒಂದು ಹೋಟೆಲಿಗೆ ಹೋಗಿದ್ದೆ. ದೋಸೆಯ ಬೆಲೆ ನೋಡಿ ಮೆನು ಕೆಳಗಿಟ್ಟು ತಲೆಯೆತ್ತಿದರೆ, ಎದುರಿನ ಗೋಡೆಯ ಮೇಲೆ ಒಂದು ಚಂದ್ರಿಕೆ ನೇತುಹಾಕಿದ್ದಾರೆ. ರೇಷ್ಮೆಯ ಸೀಮೆಯವರಲ್ಲದವರಿಗೆ ಹೇಳಿಬಿಡುತ್ತೇನೆ: ಹಣ್ಣಾದ ಹುಳು ಗೂಡು ಕಟ್ಟುವುದಕ್ಕೆಂದು ಬಿದಿರಿನಲ್ಲಿ ಹೆಣೆದ, ಬಾಗಿಲಷ್ಟು ದೊಡ್ಡ ತಟ್ಟಿ ಅದು, ಮೇಲೆ ತೆಳ್ಳನೆಯ ಬಿದಿರು ಪಟ್ಟಿಯನ್ನು ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹೋಟೆಲಿನವರು ಆ ಸುತ್ತುಗಳ ನಡುವೆ ಸಣ್ಣ ಬಲ್ಬುಗಳ ಸರ ತೂರಿಸಿದ್ದರು. ಪಕ್ಕದ ಟೇಬಲ್ಲಿನವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಹತ್ತಿರ ಹೋಗಿ ಅಂಚು ನೋಡಿದೆ. ಕಟ್ಟು ಎಡಕ್ಕೆ ತಿರುಗಿತ್ತು. ದೋಸೆ ಬಂದರೂ ನನಗೆ ತಿನ್ನಲು ಮನಸ್ಸಾಗಲಿಲ್ಲ. ಸಾದಲಿ ಕಡೆಯ ನಾರಾಯಣಮ್ಮ ನೆನಪಾಗಿದ್ದರು.

ಎಷ್ಟೋ ವರ್ಷದ ಹಿಂದಿನ ಮಾತು. ಆಗ ನಾನು ಶಿಡ್ಲಘಟ್ಟದ ಒಂದು ಕಚೇರಿಯಲ್ಲಿ ಟೆಂಡರು ವಿಭಾಗದ ಗುಮಾಸ್ತ. ಇಲಾಖೆಯ ಹೆಸರು ಬೇಡ. ನನಗಿನ್ನೂ ಪಿಂಚಣಿ ಬರಬೇಕಿದೆ. ವಿಭಾಗ ಎಂದರೆ ನಾನು, ಒಂದು ಮೇಜು, ಒಂದು ಕಂಪ್ಯೂಟರು, ಅಷ್ಟೇ. ಹಿಂದಿನ ಕಡತ ತೆಗೆದು, ವಸ್ತುವಿನ ಹೆಸರು ಬದಲಿಸಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಹೊಸ ಟೆಂಡರು ಸಿದ್ಧಮಾಡುತ್ತೇನೆಂದು ನನಗೆ ತಾಲ್ಲೂಕಿನಲ್ಲೆಲ್ಲ ಹೆಸರಿತ್ತು. ನಗಬೇಡಿ. ಸರ್ಕಾರಿ ಕೆಲಸದಲ್ಲಿ ಹೊಸ ವಾಕ್ಯ ಬರೆದವನಿಗೆ ನೋಟಿಸು ಬರುತ್ತದೆ, ಹಳೆಯದನ್ನು ನಕಲು ಮಾಡಿದವನಿಗೆ ಬಡ್ತಿ ಬರುತ್ತದೆ. ನನಗೆ ಇದುವರೆಗೆ ಎರಡು ಬಡ್ತಿ ಬಂದಿವೆ.

ಆ ವರ್ಷ ರೈತರಿಗೆ ಹಂಚಲು ಚಂದ್ರಿಕೆ ಕೊಳ್ಳಬೇಕಾಗಿತ್ತು. ಹಿಂದಿನ ತಿಂಗಳಷ್ಟೇ ಕಚೇರಿಗೆ ಕಂಪ್ಯೂಟರು ಕೊಂಡ ಟೆಂಡರಿನ ಪ್ರತಿ ತೆರೆದು, ಕಂಪ್ಯೂಟರು ಎಂದಿರುವಲ್ಲೆಲ್ಲ ಚಂದ್ರಿಕೆ ಎಂದು ಬದಲಿಸುವಂತೆ ಯಂತ್ರಕ್ಕೆ ಹೇಳಿದೆ. ಅದು ನಿಷ್ಠೆಯಿಂದ ಬದಲಿಸಿತು. ಕರೆಂಟಿಗೆ ಸಂಬಂಧಪಟ್ಟ ಒಂದೆರಡು ಷರತ್ತು ಕಣ್ಣಿಗೆ ಬಿದ್ದವು, ತೆಗೆದೆ. ಒಂಬತ್ತನೆಯದು ಬೀಳಲಿಲ್ಲ. "ಸರಬರಾಜುದಾರರು ಮೂರು ವರ್ಷಗಳ ಕಾಲ ಚಂದ್ರಿಕೆಗಳ ನಿರ್ವಹಣೆ ಮಾಡತಕ್ಕದ್ದು. ದೂರು ಬಂದ ಎರಡು ದಿನದೊಳಗೆ ಸರ್ವಿಸ್ ಎಂಜಿನಿಯರನ್ನು ಬಳಕೆದಾರರ ಸ್ಥಳಕ್ಕೇ ಕಳುಹಿಸತಕ್ಕದ್ದು." ಸಾಹೇಬರು ಸಹಿ ಹಾಕಿದರು. ಓದಿ ಸಹಿ ಹಾಕುವಷ್ಟು ಅಪನಂಬಿಕೆ ಅವರಿಗೆ ನನ್ನ ಮೇಲೆ ಇರಲಿಲ್ಲ.

ಒಂದು ಷರತ್ತು ಮಾತ್ರ ಸಾಹೇಬರೇ ಹೇಳಿ ಸೇರಿಸಿದ್ದು. ಅವರು ಆಗತಾನೇ ಯಾವುದೋ ತರಬೇತಿ ಮುಗಿಸಿ ಬಂದಿದ್ದರು. ಸರ್ಕಾರ ಕೊಳ್ಳುವಾಗ ಎಲ್ಲರಿಗೂ ಒಂದೇ ಅಳತೆಗೋಲು ಇರಬೇಕು. ಆದರೆ ಅಳತೆಗೋಲಿನ ಹತ್ತಿರಕ್ಕೇ ಬರಲಾಗದವರಿಗೆ ಒಂದು ಮೆಟ್ಟಿಲು ಹಾಕಿಕೊಡುವುದೂ ಕಾನೂನೇ ಎಂದು ಅಲ್ಲಿ ಯಾರೋ ಚೆನ್ನಾಗಿ ವಿವರಿಸಿದ್ದರಂತೆ. ಕುಶಲಕರ್ಮಿಗಳ ಸಂಘಗಳಿಗೆ ಠೇವಣಿ ಬೇಡ, ವರ್ಷಕ್ಕೆ ಇಂತಿಷ್ಟು ವಹಿವಾಟು ಇರಬೇಕೆಂಬ ಷರತ್ತೂ ಬೇಡ ಎಂದು ಸೇರಿಸಿದೆವು. ಈ ವಿನಾಯಿತಿ ಕೊಡುವುದು ಬಿಡುವುದು ಕಚೇರಿಯ ವಿವೇಚನೆಗೆ ಬಿಟ್ಟದ್ದು. ತರಬೇತಿಯ ಬಿಸಿ ಇನ್ನೂ ಆರಿರಲಿಲ್ಲವಾದ್ದರಿಂದ ಕೊಟ್ಟೆವು.

ಬಂದದ್ದು ಮೂರು ಅರ್ಜಿ. ಒಂದು ಊರಿನ ದೊಡ್ಡ ವ್ಯಾಪಾರಿ ವೆಂಕಟೇಶಪ್ಪನವರದು. ಇನ್ನೊಂದು ಅವರ ಬಾಮೈದನದು. ಪೈಪೋಟಿ ಇಲ್ಲದೆ ಟೆಂಡರು ಬಿದ್ದುಹೋಗಬಾರದಲ್ಲ, ಅದಕ್ಕೆ. ಮೂರನೆಯದನ್ನು ಹಿಡಿದು ನಾರಾಯಣಮ್ಮ ತಾವೇ ಬಂದರು. ಐವತ್ತರ ಆಚೀಚಿನ ಹೆಂಗಸು, ಮೇದರವರು, ಬೆರಳುಗಳ ತುಂಬ ಬಿದಿರು ಸೀಳಿದ ಗೆರೆ.

"ಇದನ್ನ ಯಾವ್ ಡಬ್ಬಕ್ಕೆ ಹಾಕ್ಲಿ ಸ್ವಾಮಿ?"

"ನೀವೇ ಟೆಂಡರ್ ಹಾಕ್ತಿದೀರಾ?"

"ಹೂ ಕಣಪ್ಪ. ಇಷ್ಟ್ ವರ್ಷ ಹೆಣ್ದಿದ್ದು ನಾವು, ಮಾರಿದ್ದು ವೆಂಕಟೇಶಪ್ಪ. ಈ ಸಲ ಸಂಘದ ಹೆಸ್ರಲ್ಲೇ ಆಗ್ಲಿ ಅಂತ. ಹನ್ನೊಂದು ಮನೆ ಇದೀವಿ. ಇದೂ ಸಿಕ್ಲಿಲ್ಲ ಅಂದ್ರೆ ಬಿದಿರು ಮೂಲೆಗಿಟ್ಟು ಫ್ಯಾಕ್ಟರಿ ವ್ಯಾನ್ ಹತ್ತೋದೇ ಅಂತ ಸೊಸೇರೆಲ್ಲ ಕೂತವ್ರೆ."

ಡಬ್ಬ ತೋರಿಸಿದೆ. ಲಕೋಟೆಯನ್ನು ಕಣ್ಣಿಗೊತ್ತಿಕೊಂಡು ಹಾಕಿದರು.

ನಾಲ್ಕು ದಿನ ಬಿಟ್ಟು ಮಾದರಿಗಳ ಪರಿಶೀಲನೆ. ಕಚೇರಿಯ ಜಗಲಿಯಲ್ಲಿ ಮೂರು ಚಂದ್ರಿಕೆ ಒರಗಿಸಿಟ್ಟಿದ್ದೆವು. ಸಾಹೇಬರು ಒಂದೊಂದನ್ನೂ ಒತ್ತಿ, ತಟ್ಟಿ, ಒಂದರ ವಾಸನೆಯನ್ನೂ ನೋಡಿ, ವೆಂಕಟೇಶಪ್ಪನವರದಕ್ಕೆ "ಅತ್ಯುತ್ತಮ", ಬಾಮೈದನದಕ್ಕೆ "ಉತ್ತಮ", ನಾರಾಯಣಮ್ಮನವರದಕ್ಕೆ "ಸಾಧಾರಣ" ಎಂದು ಬರೆಸಿದರು. ನಾರಾಯಣಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

"ಯಾಕಮ್ಮಾ ನಗ್ತೀರಿ?" ಸಾಹೇಬರಿಗೆ ಸಿಟ್ಟು ಬಂತು.

"ಮೂರೂ ನಾನೇ ಹೆಣ್ದಿದ್ದು ಸ್ವಾಮಿ. ಅಂಚು ನೋಡಿ, ಎಡಗೈ ಕಟ್ಟು. ನಮ್ಮೂರಲ್ಲಿ ಎಡಚಿ ನಾನೊಬ್ಳೇ."

ಹೌದು, ಮೂರರ ಅಂಚೂ ಎಡಕ್ಕೇ ತಿರುಗಿತ್ತು. ವೆಂಕಟೇಶಪ್ಪನವರು ಜಗಲಿಯ ತೊಲೆ ಎಣಿಸುತ್ತಾ ನಿಂತಿದ್ದರು. ಬರೆದದ್ದನ್ನು ಹೊಡೆದುಹಾಕಿದರೆ ತಿದ್ದಿದಂತೆ ಕಾಣುತ್ತದೆಂದು ನಾವು ಹಾಗೆಯೇ ಬಿಟ್ಟೆವು. ಒಬ್ಬಾಕೆಯ ಕೈಯ ಮೂರು ತಟ್ಟಿ ಇಂದಿಗೂ ಆ ಕಡತದಲ್ಲಿ ಮೂರು ದರ್ಜೆಯಲ್ಲಿವೆ.

ಆಮೇಲೆ ಅರ್ಜಿಗಳನ್ನು ತೆರೆದೆವು. ನಾನು ಷರತ್ತುಗಳನ್ನು ಒಂದೊಂದಾಗಿ ಓದುತ್ತಾ ಒಂಬತ್ತನೆಯದಕ್ಕೆ ಬಂದಾಗಷ್ಟೇ ಅದು ನನ್ನ ಕಣ್ಣಿಗೆ ಬಿತ್ತು. ವೆಂಕಟೇಶಪ್ಪನವರು ಅದಕ್ಕೆ ತಮ್ಮ ಅಳಿಯನ ಎಂಜಿನಿಯರಿಂಗ್ ಸರ್ಟಿಫಿಕೇಟಿನ ನಕಲು ಲಗತ್ತಿಸಿದ್ದರು. ಅಳಿಯ ಓದಿದ್ದು ಎಲೆಕ್ಟ್ರಾನಿಕ್ಸು. ಬಾಮೈದನೂ ಅದೇ ಅಳಿಯನನ್ನೇ ಲಗತ್ತಿಸಿದ್ದ. ನಾರಾಯಣಮ್ಮನವರದು ನೋಟ್‌ಬುಕ್ಕಿನಿಂದ ಹರಿದ ಆರು ಹಾಳೆ. ಹುಳು ಕೊನೆಯ ಜ್ವರಕ್ಕೆ ಕೂತಾಗ, ಅಂದರೆ ಗೂಡು ಕಟ್ಟುವುದಕ್ಕೆ ವಾರ ಮುಂಚೆ ಪೊರೆ ಬಿಡುವಾಗ, ರೈತರು ಅಟ್ಟದಿಂದ ಚಂದ್ರಿಕೆ ಇಳಿಸುತ್ತಾರೆ. ಸುತ್ತು ಸಡಿಲವಾಗಿದ್ದರೆ ಹೆಣೆದವರಿಗೇ ಹೇಳಿಕಳಿಸುವುದು, ಅವರು ಬಂದು ಮನೆಯಂಗಳದಲ್ಲೇ ಕೂತು ಬಿಗಿದುಕೊಡುವುದು ನಮ್ಮ ಕಡೆ ಇರುವ ವಾಡಿಕೆ. ಹೇಳಿಕಳಿಸಿದ ಎರಡು ದಿನದೊಳಗೆ ಬರಲೇಬೇಕು, ಹುಳು ಕಾಯುವುದಿಲ್ಲ. ಆ ಹಾಳೆಗಳಲ್ಲಿದ್ದದ್ದು ಹಾಗೆ ತಾವು ಹೋಗಿ ರಿಪೇರಿ ಮಾಡಿದ ಮನೆಗಳ ಪಟ್ಟಿ, ಎದುರಿಗೆ ಮನೆಯವರ ಸಹಿ, ಕೆಲವು ಹೆಬ್ಬೆಟ್ಟು. ಕಂಪ್ಯೂಟರಿನವರಿಗೆಂದು ಬರೆದ ಷರತ್ತನ್ನು ಕಂಪ್ಯೂಟರಿನವರು ಕೂಡ ಅಷ್ಟು ನೆಟ್ಟಗೆ ಪಾಲಿಸಿರಲಿಲ್ಲ.

"ಏಮ್ ಸಾರ್ ಇದಿ!" ವೆಂಕಟೇಶಪ್ಪ ಇದೇನೆಂದು ತೆಲುಗಿನಲ್ಲಿ ಸಿಡಿದು ಎದ್ದು ನಿಂತರು. "ಚಂದ್ರಿಕೆಗೆ ಎಂಜಿನಿಯರಾ? ಯಾರೋ ಬೇರೆ ಕಡೆಯಿಂದ ಕಾಪಿ ಹೊಡ್ದವ್ರೆ. ಇದನ್ನ ಲೆಕ್ಕಕ್ಕೆ ತಗೋಬಾರ್ದು."

ಕಾಪಿಯ ವಿಷಯದಲ್ಲಿ ಅವರು ಹೇಳಿದ್ದು ನಿಜ. ಆದರೆ ಪ್ರಕಟಿಸಿದ ಷರತ್ತನ್ನು ಲಕೋಟೆ ಒಡೆದ ಮೇಲೆ ಒಬ್ಬರಿಗಾಗಿ ಸಡಿಲಿಸುವಂತಿಲ್ಲ. ಅದು ಇಡೀ ವ್ಯವಹಾರದ ಬೆನ್ನುಮೂಳೆ. ಎಲೆಕ್ಟ್ರಾನಿಕ್ಸಿನ ಅಳಿಯನಿಂದ ಚಂದ್ರಿಕೆ ಬಿಗಿಯುವುದು ಆಗದ ಮಾತು, ಆ ಪ್ರಕಾರ ಉಳಿಯುವುದು ನಾರಾಯಣಮ್ಮನವರ ಒಂದೇ ಅರ್ಜಿ. ಸಾಹೇಬರು ನನ್ನ ಕಡೆ ತಿರುಗಿದರು.

"ಏನ್ರೀ, ಇದು ಬೇಕಂತ ಹಾಕಿದ್ದಾ, ತಪ್ಪಾಗಿ ಬಂದಿದ್ದಾ?"

ಓದುಗರೇ, ಬೇಕಂತ ಹಾಕಿದ್ದು ಎಂದು ನಾನು ಹೇಳಬಹುದಾಗಿತ್ತು. ಷರತ್ತಿನಲ್ಲಿ ಅರ್ಥವಿತ್ತು, ಅದರ ಹಿಂದೆ ಊರಿನ ವಾಡಿಕೆಯಿತ್ತು, ಆರು ಹಾಳೆ ಸಾಕ್ಷಿಯಿತ್ತು. ಆದರೆ ವೆಂಕಟೇಶಪ್ಪ ಮೇಲಿನವರಿಗೆ ದೂರು ಕೊಟ್ಟರೆ? ಅವರು ಕಂಪ್ಯೂಟರಿನ ಕಡತ ತರಿಸಿದರೆ? ಬಾಗಿಲ ಬಳಿ ನಿಂತಿದ್ದ ನಾರಾಯಣಮ್ಮನವರ ಮುಖ ನೋಡದೆ ಹೇಳಿದೆ:

"ಟೈಪಿಂಗ್ ತಪ್ಪು ಸಾರ್."

ಟೆಂಡರು ರದ್ದಾಯಿತು. ಎರಡನೆಯ ಸಲ ಕರೆಯುವ ಹೊತ್ತಿಗೆ ವೆಂಕಟೇಶಪ್ಪ ಸಮಾನತೆಯ ಬಗ್ಗೆ ನಾಲ್ಕು ಪುಟದ ಮನವಿ ಕೊಟ್ಟಿದ್ದರು. ಸಾಹೇಬರ ತರಬೇತಿಯ ಬಿಸಿಯೂ ಆರಿತ್ತು. "ಎಲ್ಲ ಟೆಂಡರುದಾರರನ್ನೂ ಸಮಾನವಾಗಿ ಕಾಣುವ ದೃಷ್ಟಿಯಿಂದ" ಎಂದು ನಾನೇ ಟಿಪ್ಪಣಿ ಬರೆದು ಸಂಘಗಳ ವಿನಾಯಿತಿ ತೆಗೆದೆ. ಬರೆದಾಗ ಆ ವಾಕ್ಯ ಎಷ್ಟು ಚೆನ್ನಾಗಿ ಕಂಡಿತೆಂದರೆ ಎರಡು ಸಲ ಓದಿಕೊಂಡೆ. ವಹಿವಾಟಿನ ಷರತ್ತೂ ಅದೇ ಕಂಪ್ಯೂಟರಿನ ಕಡತದಿಂದಲೇ ಬಂದದ್ದು. ಅದನ್ನು ಯಾರೂ ತಪ್ಪು ಎನ್ನಲಿಲ್ಲ. ಹನ್ನೊಂದು ಮನೆಯವರು ಮತ್ತೆ ಅರ್ಜಿ ಹಾಕುವಂತಿರಲಿಲ್ಲ; ಚಂದ್ರಿಕೆಗಳನ್ನು ವೆಂಕಟೇಶಪ್ಪ ಸರಬರಾಜು ಮಾಡಿದರು. ಹೆಣೆದವರು ಯಾರೆಂದು ನಾನು ಅಂಚು ನೋಡಲು ಹೋಗಲಿಲ್ಲ.

ಮಾದರಿ ವಾಪಸು ಕೊಂಡೊಯ್ಯಲು ನಾರಾಯಣಮ್ಮ ಒಂದು ದಿನ ಬಂದರು. ರಿಜಿಸ್ಟರು ತೆಗೆದು, ಯಾವುದು ನಿಮ್ಮದು ಎಂದು ಕೇಳಿದೆ. "ಮೂರೂ" ಅಂದರು. ಆಮೇಲೆ ಸಾಧಾರಣ ಎಂದು ಚೀಟಿ ಅಂಟಿಸಿದ್ದನ್ನು ತಲೆಯ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನನಗೆ ನಾಚಿಕೆಯಾಯಿತು. ಊಟದ ಹೊತ್ತಿಗೆ ಹೋಯಿತು ಎಂದುಕೊಂಡಿದ್ದೆ. ಇಷ್ಟು ವರ್ಷ ಒಳಗೇ ಇತ್ತೆಂದು ಆ ಹೋಟೆಲಿನಲ್ಲಿ ಗೊತ್ತಾಯಿತು.

ಈಗ ನಾನು ಜಿಲ್ಲಾ ಮಟ್ಟದ ಕಚೇರಿಯ ಸೂಪರಿಂಟೆಂಡೆಂಟು. ಈ ತಿಂಗಳು ಮತ್ತೆ ಬಿದಿರು ಸಾಮಾನು ಕೊಳ್ಳುವ ಕಡತ ಮೇಜಿಗೆ ಬಂತು. ಹಳೆಯದನ್ನು ತೆರೆಯಲಿಲ್ಲ. ಸಂಘಗಳಿಗೆ ವಿನಾಯಿತಿ ಎಂದು ಬರೆದೆ. ಹೆಣೆದವರೇ ಬೆಳೆಗೊಮ್ಮೆ ರೈತರ ಮನೆಗೆ ಹೋಗಿ ದುರಸ್ತಿ ಮಾಡತಕ್ಕದ್ದು ಎಂದೂ ಬರೆದೆ. ಒಬ್ಬರ ಮೈ ಅಳತೆಗೆ ಷರತ್ತು ಹೊಲಿಯುವುದು ತಪ್ಪು. ಅದಕ್ಕೆ ಚಿಂತಾಮಣಿ, ಗೌರಿಬಿದನೂರು ಕಡೆಯೂ ಅಂಥ ಸಂಘಗಳಿವೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಕಡತ ಮೇಲಕ್ಕೆ ಕಳಿಸಿ, ಭಾನುವಾರ ಸಾದಲಿಯ ಬಸ್ಸು ಹತ್ತಿದೆ.

ಹನ್ನೊಂದು ಮನೆಯಲ್ಲಿ ಈಗ ನಾಲ್ಕರಲ್ಲಷ್ಟೇ ಹೆಣಿಗೆ. ಸೊಸೆಯಂದಿರು ವ್ಯಾನು ಹತ್ತಿದ್ದಾರೆ. ನಾರಾಯಣಮ್ಮ ಹೊಸಿಲ ಮೇಲೆ ಕೂತು ಬಿದಿರು ಸೀಳುತ್ತಿದ್ದರು.

"ಓ, ಟೈಪಿಂಗ್ ತಪ್ಪಿನ ಸ್ವಾಮಿ ಅಲ್ವಾ? ಬನ್ನಿ, ಕೂತ್ಕಳಿ."

ಕೂತು ಎಲ್ಲ ಹೇಳಿದೆ. ಕತ್ತಿ ನಿಲ್ಲಿಸದೆ ಕೇಳಿಸಿಕೊಂಡರು.

"ಈ ಸಲ ಬೇಕಂತ್ಲೇ ಬರ್ದಿದೀರಾ?"

"ಬೇಕಂತ್ಲೇ ಕಣಮ್ಮ."

"ಮೇಲ್ನೋರು ಕೇಳುದ್ರೂ ಹಂಗೇ ಅಂತೀರಾ?"

ಕಾಫಿ ಕೊಟ್ಟರು, ಕುಡಿದು ಬಂದೆ.

ಗುರುವಾರ ಕಡತ ಹಿಂತಿರುಗಿತು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ದುರಸ್ತಿಯ ಷರತ್ತು ಬೇರೆ ಕಡತದಿಂದ ತಪ್ಪಾಗಿ ಬಂದಂತಿದೆ. ತೆಗೆಯಿರಿ." ರಬ್ಬರಿನಿಂದ ಒರೆಸಿದರೆ ಹೋಗುವ ಬರಹ. ನಾನೂ ಸುಮ್ಮನೆ ಷರತ್ತು ತೆಗೆದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನು ತೆಗೆದು ಅದರ ಕೆಳಗೆ ಬರೆದೆ: "ತಪ್ಪಲ್ಲ. ಬೇಕೆಂದೇ ಬರೆದದ್ದು." ಯಾವಾಗಲೂ ಎರಡಕ್ಷರದಲ್ಲಿ ಮುಗಿಸುತ್ತಿದ್ದ ಸಹಿಯನ್ನು ಅವತ್ತು ಪೂರ್ತಿ ಹೆಸರಿನಲ್ಲಿ ಹಾಕಿದೆ.