ಲೇಡೀಸ್ ರೂಮಿನ ಕೂಸು

ದಾನವ್ವ ಸದಾನಂದನನ್ನು ಮೊದಲು ಕಂಡದ್ದು ಕಾಲೇಜು ಶುರುವಾದ ವಾರ, ಲೇಡೀಸ್ ರೂಮಿನ ಹೊಸ್ತಿಲಾಚೆ. ಗಂಡಸರು ಆ ಹೊಸ್ತಿಲು ದಾಟುವಂತಿರಲಿಲ್ಲ. ಅವನು ದಾಟಲೂ ಇಲ್ಲ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಪುಸ್ತಕ, ಸೊಂಟದ ಮೇಲೆ ಒಂದು ಹೆಣ್ಣು ಕೂಸು. ಕೂಸಿನ ಫ್ರಾಕು ಹಿಂದುಮುಂದಾಗಿ, ಬೆನ್ನಿಗಿರಬೇಕಾದ ಗುಂಡಿಗಳೆಲ್ಲ ಎದೆಯ ಮೇಲೆ ಬಂದಿದ್ದವು. ಅವನು ದಾನವ್ವನ ಮುಖ ನೋಡದೆ, ಬಾಗಿಲ ಪಕ್ಕ ಒರಗಿಸಿಟ್ಟ ಕೊಡೆಗಳಿಗೆ ಹೇಳುವವನಂತೆ ಹೇಳಿದ.

"ಅಮ್ಮಾ, ಕ್ಲಾಸು ಮುಗಿಯುವವರೆಗೆ ಇವಳನ್ನು ಸ್ವಲ್ಪ ನೋಡ್ಕೊಳ್ತೀರಾ? ಇಲ್ಲಿ ಆಗುದಿಲ್ಲ ಅಂದ್ರೆ ಊರಿಗೆ ಕಳಿಸ್ಬೇಕಷ್ಟೆ. ಬೇರೆ ದಾರಿ ಇಲ್ಲ ನನಗೆ."

ದಾನವ್ವ ಧಾರವಾಡದ ಕಡೆಯವಳು. ಪರೇಲಿನ ಗಿರಣಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಈ ಕಾಲೇಜಿನಲ್ಲಿ ಹುಡುಗಿಯರ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಮಡಕೆಗೆ ನೀರು ತುಂಬುವುದು, ಹುಡುಗಿಯರ ಡಬ್ಬಿ ಕಾಯುವುದು, ಕನ್ನಡಿಯ ಕೆಳಗೆ ಉದುರಿದ ಕೂದಲು ಗುಡಿಸುವುದು. ದಿನವೆಲ್ಲ ಮರಾಠಿ, ಹಿಂದಿ ಕೇಳುವವಳಿಗೆ ಕನ್ನಡ ಕಿವಿಗೆ ಬಿದ್ದದ್ದೇ ಜೀವ ತಣ್ಣಗಾಯಿತು.

"ಯಾರ ಕೂಸೋ ತಮ್ಮಾ ಇದು?"

ಅವನು ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದ. "ನನ್ನ ಅಕ್ಕನ ಮಗಳು. ಸೇವಂತಿ ಅಂತ. ತಾಯಿ ಇಲ್ಲ."

"ಅಯ್ಯ ಶಿವನ! ತಾ ಇಲ್ಲೆ. ಫರಾಕ ಯಾರು ತೊಡಿಸಿದರೋ ಇದಕ್ಕ? ನೀನಾ? ಹೌದಪ್ಪಾ, ಗಂಡಸರಿಗೆ ಹಿಂದ ಯಾವುದು ಮುಂದ ಯಾವುದು ಹ್ಯಾಂಗ ತಿಳೀತೈತಿ!"

ಆ ಕೋಣೆಯ ಉಸ್ತುವಾರಿ ಒಬ್ಬ ಮರಾಠಿ ಪ್ರೊಫೆಸರ್ ಬಾಯಿಯವರದು. ಮಾರನೆಯ ದಿನ ಅವರು ಟೇಬಲ್ಲಿನ ಕೆಳಗೆ ಮಲಗಿದ್ದ ಕೂಸನ್ನು ನೋಡಿದರು, ದಾನವ್ವನನ್ನೂ ನೋಡಿದರು. ತಬ್ಬಲಿ ಎಂದು ಕೇಳಿದ ಮೇಲೆ, ಗದ್ದಲವಾಗದಿದ್ದರೆ ಸರಿ ಎಂದು ಹೇಳಿ ಹೊರಟುಹೋದರು. ಅಲ್ಲಿಂದ ಮುಂದೆ ಸೇವಂತಿ ಲೇಡೀಸ್ ರೂಮಿನ ಕೂಸಾಯಿತು.

ಸದಾನಂದ ಸಂಜೆಯ ಮೇಲೆ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಮಲಗುವುದೂ ಅದೇ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಬೆಳಿಗ್ಗೆ ಬರುವಾಗ ಬಾಳೆಲೆಯಲ್ಲಿ ಇಡ್ಲಿ ಕಟ್ಟಿ ತರುತ್ತಿದ್ದ, ಕೂಸಿಗೆ ಒಂದು ಪೊಟ್ಟಣ, ದಾನವ್ವನಿಗೆ ಒಂದು. ತುಳು ಬಿಟ್ಟರೆ ಬೇರೆ ತಿಳಿಯದಿದ್ದ ಕೂಸು ಶ್ರಾವಣ ಮುಗಿಯುವುದರೊಳಗೆ "ನಂಗ ಬ್ಯಾಡ", "ಅಲ್ಲೆ ಐತಿ" ಎನ್ನತೊಡಗಿತು. ಅವನು ಹೊಸ್ತಿಲಾಚೆ ನಿಂತು ನಗುತ್ತಿದ್ದ. "ಎಂತ ಮಾರಾಯ್ರೆ, ನಮ್ಮ ಹುಡುಗಿಯನ್ನು ಪೂರ್ತಿ ಧಾರವಾಡದವಳು ಮಾಡಿದ್ರಾ?" ಕೂಸು "ಮಾಮಾ" ಎಂದು ಕೈಚಾಚಿ ಓಡುತ್ತಿತ್ತು. ಮಾಮ ಎಂದಾಗಲೆಲ್ಲ ಅವನ ನಗು ಅರ್ಧಕ್ಕೇ ನಿಲ್ಲುವುದನ್ನು ದಾನವ್ವ ಕಂಡಿದ್ದಳು. ಸತ್ತ ಅಕ್ಕನ ನೆನಪಾಗುತ್ತಿರಬೇಕು ಎಂದುಕೊಂಡಿದ್ದಳು.

ದೀಪಾವಳಿಯ ರಜೆಯ ಹಿಂದಿನ ದಿನ ಗೇಟಿನ ಹತ್ತಿರ ಬಳೆಗಾರ ಬಂದಿದ್ದ. ದಾನವ್ವ ಕೂಸಿನ ಕೈಗೆ ಹಸಿರು ಬಳೆ ತೊಡಿಸಿದಳು, ಜಡೆಗೆ ಹೂ ಮುಡಿಸಿದಳು. ಕರೆದೊಯ್ಯಲು ಸದಾನಂದ ಬಂದಾಗ ಕೋಣೆಯ ತುಂಬ ಹುಡುಗಿಯರಿದ್ದರು.

"ಬಾರಪ್ಪಾ ಮದುಮಗನ!" ಎಂದಳು ದಾನವ್ವ. "ನಿನ್ನ ಹೇಂತಿ ತಯಾರಾಗಿ ಕುಂತಾಳ ನೋಡು. ಈಗ ಹೊತ್ತು ತಿರುಗು, ದೊಡ್ಡಾಕಿ ಆದಮ್ಯಾಲೆ ತಾಳಿ ಕಟ್ಟು!"

ಅವಳ ಊರಿನಲ್ಲಿ ಅಕ್ಕನ ಮಗಳನ್ನು ಎತ್ತಿಕೊಂಡ ಯಾವ ಸೋದರಮಾವನೂ ಈ ಮಾತು ಕೇಳದೆ ಬೀದಿ ದಾಟುವಂತಿರಲಿಲ್ಲ. ದಾನವ್ವನೇ ತಾಯಿಯ ತಮ್ಮನ ಕೈಹಿಡಿದವಳು. ಬೆಳಗಾವಿ ಕಡೆಯ ಇಬ್ಬರು ಹುಡುಗಿಯರಿಗೂ ಈ ಚೇಷ್ಟೆ ಗೊತ್ತಿತ್ತು. "ಇಂವ ಯಾರವ್ವಾ ಸೇವಂತಿ? ಗಂಡ! ಅನ್ನು, ಗಂಡ!" ಎಂದು ಹೇಳಿಕೊಟ್ಟರು. ಕೂಸು "ಗಂಡ" ಎಂದಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅದು ಇನ್ನೂ ಜೋರಾಗಿ "ಗಂಡ!" ಎಂದಿತು.

ಸದಾನಂದ ನಗಲಿಲ್ಲ. ಕೂಸನ್ನು ಎತ್ತಿಕೊಂಡು, ಬಳೆಗಳನ್ನು ಒಂದೊಂದಾಗಿ ಕಳಚಿ ಹೊಸ್ತಿಲ ಮೇಲಿಟ್ಟು, ತಲೆ ಎತ್ತದೆ ನಡೆದುಬಿಟ್ಟ.

ರಜೆ ಮುಗಿದರೂ ಅವನು ಬರಲಿಲ್ಲ. ತನ್ನ ಮಾತಿನಲ್ಲಿ ಏನು ತಪ್ಪಿತ್ತೆಂದು ದಾನವ್ವನಿಗೆ ಎಷ್ಟು ತಿರುವಿ ನೋಡಿದರೂ ತಿಳಿಯಲಿಲ್ಲ. ಕೊನೆಗೆ ಹೋಟೆಲು ಹುಡುಕಿಕೊಂಡು ಹೋದಳು. ಅವನು ಹಿಂದಿನ ಗಲ್ಲಿಯ ನಲ್ಲಿಯಲ್ಲಿ ಸೇವಂತಿಯ ಫ್ರಾಕು ಒಗೆಯುತ್ತಿದ್ದ.

"ತಮ್ಮಾ, ನಮ್ಮ ಕಡೆ ಎಲ್ಲಾರಿಗೂ ಹಂಗ ಅಂತಾರಪ್ಪಾ. ಅಷ್ಟಕ್ಕ ಸಿಟ್ಟಾದರ ಹ್ಯಾಂಗ?"

"ನಮ್ಮಲ್ಲಿ ಅಕ್ಕನ ಮಗಳು ಅಂದ್ರೆ ಮಗಳೇ, ಅಮ್ಮಾ. ಆ ಮಾತು ಕನಸಲ್ಲೂ ಆಡುದಿಲ್ಲ." ಅವನು ಫ್ರಾಕನ್ನು ಹಿಂಡಿದ, ಮತ್ತೆ ಹಿಂಡಿದ. "ಇವಳು ಅಕ್ಕನ ಮಗಳೂ ಅಲ್ಲ. ನನಗೆ ಅಕ್ಕನೇ ಇಲ್ಲ. ಇವಳು ನನ್ನ ಮಗಳು."

ದಾನವ್ವ ಗಲ್ಲ ಗಲ್ಲ ಬಡಿದುಕೊಂಡಳು. "ತಂದೀಗೆ ಅಂದೆನಲ್ಲೋ ನಾ ಆ ಮಾತು! ನನ್ನ ಬಾಯಾಗ ಮಣ್ಣು ಬೀಳ್ಲಿ."

"ನಿಮ್ಮದೆಂತ ತಪ್ಪು? ನಾನು ಹೇಳಿದ್ದು ಹಾಗೆ. ನಮ್ಮಲ್ಲಿ ಮಕ್ಕಳು ತಾಯಿಮನೆಗೆ ಸೇರಿದವರು. ಮಾವ ಸಾಕಿದ್ರೆ ಮರ್ಯಾದೆ, ಅಪ್ಪ ಸಾಕಿದ್ರೆ ನಗ್ತಾರೆ. ಹೆಂಡತಿ ತೀರಿಹೋದ ಮೇಲೆ ಅವಳ ಅಣ್ಣ ಕಾಂತಪ್ಪ ಮಗುವನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದ್ರು. ನನಗೆ ಕೊಡ್ಲಿಕ್ಕೆ ಮನಸ್ಸಾಗ್ಲಿಲ್ಲ, ಇವಳನ್ನು ಎತ್ಕೊಂಡು ಹಡಗು ಹತ್ತಿ ಇಲ್ಲಿಗೆ ಬಂದೆ. ಇಲ್ಲಿ ಯಾರ ಮಗು ಅಂತ ಹೋಟೆಲಿನವರು ಕೇಳಿದ್ರು. ಅಪ್ಪ ಅಂತ ಹೇಳ್ಲಿಕ್ಕೆ ನಾಚಿಕೆಯಾಯ್ತು. ಈಗ ಹಾಗೆ ನಾಚಿಕೊಂಡೆನಲ್ಲ ಅಂತ ನಾಚಿಕೆ."

"ನಾಳೆನಽ ಕಾಲೇಜಿಗೆ ಬಾ. ಬಾಯಾರ ಮುಂದ ಖರೇ ಹೇಳಿಬಿಡು. ಕೂಸಿಗೂ ಅಪ್ಪಾ ಅನ್ನೂದು ಕಲಿಸು."

"ಹೇಳ್ತೇನೆ," ಎಂದ ಅವನು.

ಕಾಲೇಜಿಗೇನೋ ಬಂದ. ಆದರೆ ಬಾಯಿಯವರ ಬಾಗಿಲವರೆಗೆ ಹೋಗಿ ಹೋಗಿ ಹಿಂದಿರುಗುತ್ತಿದ್ದ. ಸುಳ್ಳು ಹೇಳಿದವನೆಂದು ಕೂಸನ್ನು ಹೊರಹಾಕಿದರೆ? ಹುಡುಗಿಯರೆಲ್ಲ ನೋಡಿ ನಕ್ಕರೆ? ನಾಳೆ ಹೇಳುತ್ತೇನೆ ಎನ್ನುತ್ತಿದ್ದ. ಕೂಸಿಗೆ ಅಪ್ಪಾ ಎನ್ನಲು ಕಲಿಸುವುದೂ ನಾಳೆಗೇ ಉಳಿಯಿತು. ತನ್ನಿಂದಲೇ ಅವಮಾನಗೊಂಡವನನ್ನು ಇನ್ನೆಷ್ಟು ಒತ್ತಾಯಿಸುವುದೆಂದು ದಾನವ್ವ ಸುಮ್ಮನಾದಳು. ಇತ್ತ ಕೂಸಿಗೆ ಗಂಡ ಎನ್ನುವ ಚಾಳಿ ಬಿಡಿಸಲು ಬೆಲ್ಲ ಕೊಟ್ಟು ನೋಡಿದಳು, ಕಣ್ಣು ಬಿಟ್ಟು ನೋಡಿದಳು. ಬೇಡ ಎಂದಷ್ಟೂ ಅದಕ್ಕೆ ಖುಷಿ. "ಗಂಡ!" ಎಂದು ಕೂಗಿ ಟೇಬಲ್ಲಿನ ಕೆಳಗೆ ಓಡುತ್ತಿತ್ತು.

ಪರೀಕ್ಷೆ ಹತ್ತಿರ ಬಂದಿದ್ದಾಗ ಒಂದು ಬೆಳಿಗ್ಗೆ ನಡುವಯಸ್ಸಿನ ಒಬ್ಬರು ಬಂದು ಅದೇ ಹೊಸ್ತಿಲಾಚೆ ನಿಂತರು. ಕೈಯಲ್ಲಿ ಕೊಡೆ, ಹೊಸ ಫ್ರಾಕಿನ ಪೊಟ್ಟಣ.

"ನನ್ನ ತಂಗಿಯ ಮಗು ಇಲ್ಲುಂಟಂತೆ. ನಾನು ಕಾಂತಪ್ಪ."

ದಾನವ್ವ ಸದಾನಂದನನ್ನು ಕರೆತರಲು ಒಬ್ಬ ಹುಡುಗಿಯನ್ನು ಓಡಿಸಿದಳು. ಕಾಂತಪ್ಪ ಕುಕ್ಕರುಗಾಲಿನಲ್ಲಿ ಕುಳಿತು ಕೂಸಿನ ಮುಖ ನೋಡಿದರು. "ನನ್ನ ತಂಗಿಯದೇ ಕಣ್ಣು," ಎಂದು ಪಂಚೆಯ ತುದಿಯಿಂದ ತಮ್ಮ ಕಣ್ಣೊರೆಸಿಕೊಂಡರು.

ಸದಾನಂದ ಏದುಸಿರು ಬಿಡುತ್ತ ಬಂದು ನಿಂತ. ಕಾಂತಪ್ಪ ಅವನಿಗೆ ತುಳುವಿನಲ್ಲಿ ಏನೋ ಕೇಳಿದರು, ಅವನು ಬಾಗಿಲ ಪಕ್ಕದ ಕೊಡೆಗಳ ಕಡೆ ನೋಡಿದ. ಅವರು ಕೂಸಿನ ಗಲ್ಲ ಹಿಡಿದು ಮೆಲ್ಲಗೆ ಕನ್ನಡದಲ್ಲಿ ಕೇಳಿದರು. "ಇವರು ಯಾರು ಮಗಾ? ನೀನೇ ಹೇಳು."

ಸೇವಂತಿ ಸುತ್ತ ನೆರೆದಿದ್ದ ಹುಡುಗಿಯರನ್ನು ನೋಡಿತು. ಎಲ್ಲರನ್ನೂ ನಗಿಸುವ ಉತ್ತರ ಅದಕ್ಕೆ ಗೊತ್ತಿತ್ತು.

"ಗಂಡ!"

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಅಣ್ಣಾರ, ಅದು ನನ್ನ ಚ್ಯಾಷ್ಟಿರೀ," ಎಂದು ದಾನವ್ವ ಮುಂದೆ ಬಂದಳು. "ಕೂಸಿನ ತಪ್ಪಲ್ಲ, ಇಂವನ ತಪ್ಪೂ ಅಲ್ಲ. ಇಂವ ಅದರ ತಂದಿ ಅಂತ ನಂಗ ಗೊತ್ತಿರಲಿಲ್ರೀ."

"ಯಾಕೆ ಗೊತ್ತಿರಲಿಲ್ಲ? ಇವ ಎಂತ ಹೇಳಿದ್ದ?"

ದಾನವ್ವ ಸದಾನಂದನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. "ಮಾವ ಅಂತ..." ಎಂದಳು.

"ಮಾವ ನಾನು," ಎಂದರು ಕಾಂತಪ್ಪ. ದನಿ ಏರಲಿಲ್ಲ. "ಸದಾನಂದಾ, ನಾನು ಜಗಳಕ್ಕೆ ಬಂದದ್ದಲ್ಲ. ಇವಳ ಬಾಯಲ್ಲಿ ಅಪ್ಪ ಅಂತ ಒಂದು ಮಾತು ಬಂದಿದ್ರೆ ಈ ಫ್ರಾಕು ಕೊಟ್ಟು ಹೀಗೇ ತಿರುಗಿ ಹೋಗ್ತಿದ್ದೆ. ಅಪ್ಪ ಆಗ್ಲಿಕ್ಕೆ ನಿನಗೆ ನಾಚಿಕೆ. ಮಾವ ಆಗ್ಲಿಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ."

ಸದಾನಂದ ಕೂಸಿನ ಕಡೆ ಕೈಚಾಚಿ, ಸುತ್ತ ನಿಂತ ಹುಡುಗಿಯರನ್ನು ನೋಡಿ ಹಿಂದೆಳೆದುಕೊಂಡ. ಕಾಂತಪ್ಪ ಕೂಸನ್ನು ಎತ್ತಿಕೊಂಡು ನಡೆದರು. ಮೆಟ್ಟಿಲ ಹತ್ತಿರ ಅದು "ಮಾಮಾ" ಎಂದು ಅತ್ತಿತು. ಗಂಡಸರಿಬ್ಬರೂ ತಿರುಗಿ ನೋಡಿದರು.

ಸದ್ದು ಕೇಳಿ ಬಂದ ಪ್ರೊಫೆಸರ್ ಬಾಯಿಯವರಿಗೆ ದಾನವ್ವ ತನಗೆ ಬಂದಷ್ಟು ಮರಾಠಿಯಲ್ಲಿ ನಡೆದದ್ದೆಲ್ಲ ಹೇಳಿದಳು. ಅವರು, ಓದುವ ಹುಡುಗನ ಮಗು ಎಂದಿದ್ದರೆ ನಾನು ಬೇಡವೆನ್ನುತ್ತಿದ್ದೆನೇ, ನಾನೂ ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಪರೀಕ್ಷೆಗೆ ಕೂತವಳೇ, ಎಂದರು. ದಾನವ್ವ ಆ ಮಾತನ್ನು ಸದಾನಂದನಿಗೆ ಮುಟ್ಟಿಸಲಿಲ್ಲ. ಮುಟ್ಟಿಸುವ ಧೈರ್ಯವಾಗಲಿಲ್ಲ.

ಅವನು ಪಾಸಾದ. ಮುಲುಂಡ್‌ನ ಒಂದು ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಮತ್ತೆ ಕಾಲೇಜು ಶುರುವಾದಾಗ ಒಂದು ದಿನ ಬಂದ. ಕೈಯಲ್ಲಿ ಬಾಳೆಲೆಯ ಒಂದೇ ಪೊಟ್ಟಣ. ಒಳಗೆ ಹುಡುಗಿಯರು ತಲೆ ಬಾಚಿಕೊಳ್ಳುತ್ತಿದ್ದರು. ಅವನು ಕೊಡೆಗಳ ಪಕ್ಕದಲ್ಲೇ ನಿಂತ.

"ಊರಿಗೆ ಹೋಗಿದ್ದೆ, ಅಮ್ಮಾ. ಚೆನ್ನಾಗಿದ್ದಾಳೆ, ದಪ್ಪ ಆಗಿದ್ದಾಳೆ. ಕಾಂತಪ್ಪನವರನ್ನು ಮಾಮ ಅಂತಾಳೆ. ನನ್ನನ್ನು ನೋಡಿ, ನೆಂಟರು ಬಂದ್ರು ಅಂತ ಹೇಳ್ಲಿಕ್ಕೆ ಒಳಗೆ ಓಡಿದ್ಲು."

ದಾನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪೊಟ್ಟಣ ಅವಳ ಕೈಗಿತ್ತು ಅವನು ಹೊರಟ. ನಾಲ್ಕು ಹೆಜ್ಜೆ ಹೋದವನು ಮತ್ತೆ ಬಂದ. ಮೊದಲ ಸಲ ಅವಳ ಮುಖವನ್ನೇ ನೋಡಿ ಕೇಳಿದ.

"ಇನ್ನು ಮುಂದೆ ಯಾರಾದ್ರೂ ಇಲ್ಲಿಗೆ ಮಗು ತಂದ್ರೆ, ಯಾರ ಮಗು ಅಂತ ಕೇಳ್ತೀರಾ, ಅಮ್ಮಾ?"